ಇಪ್ಪತ್ತು ವರ್ಷ ಕೇಳದವರು ನಾಲ್ಕು ರಾತ್ರಿಯಲ್ಲಿ ಕೇಳಿಸಿಕೊಂಡಿದ್ದು ಹೇಗೆ?

2024ರ ಜನವರಿ 1ರಿಂದ 4ರವರೆಗೆ, ಸತತ ನಾಲ್ಕು ರಾತ್ರಿ, ಬ್ರಿಟನ್ನಿನ ಐಟಿವಿ ಚಾನೆಲ್‌ನಲ್ಲಿ ಒಂದು ಧಾರಾವಾಹಿ ಪ್ರಸಾರವಾಯಿತು. ಹೆಸರು ‘ಮಿಸ್ಟರ್ ಬೇಟ್ಸ್ ವರ್ಸಸ್ ದಿ ಪೋಸ್ಟ್ ಆಫೀಸ್’. ಕೊನೆಯ ಕಂತು ಮುಗಿದ ಆರನೇ ದಿನಕ್ಕೆ, ಜನವರಿ 10ರಂದು, ಪ್ರಧಾನಿ ರಿಷಿ ಸುನಕ್ ಸಂಸತ್ತಿನಲ್ಲಿ ಒಂದು ಘೋಷಣೆ ಮಾಡಿದರು. ಪೋಸ್ಟ್ ಆಫೀಸ್ ಹಗರಣದಲ್ಲಿ, ಅಂದರೆ ಕಂಪ್ಯೂಟರ್ ತೋರಿಸಿದ ತಪ್ಪು ಲೆಕ್ಕದಿಂದ, ತಪ್ಪಿತಸ್ಥರೆನಿಸಿಕೊಂಡ ನೂರಾರು ಅಂಚೆ ಕೌಂಟರಿನವರ ಮೇಲಿನ ತೀರ್ಪುಗಳನ್ನು ಹೊಸ ಕಾನೂನು ತಂದು ಒಟ್ಟಿಗೇ ರದ್ದು ಮಾಡುತ್ತೇವೆ ಎಂದರು. ಅದೇ ವರ್ಷ ಮೇ 24ಕ್ಕೆ ಕಾನೂನು ಬಂದೂ ಬಿಟ್ಟಿತು.

ಆ ಜನ ಇದಕ್ಕಾಗಿ ಇಪ್ಪತ್ತು ವರ್ಷದಿಂದ ಕಂಡಕಂಡ ಬಾಗಿಲು ತಟ್ಟುತ್ತಿದ್ದರು. ಸಂಸದರ ಬಾಗಿಲು, ಮಂತ್ರಿಗಳ ಬಾಗಿಲು, ಕೋರ್ಟಿನ ಬಾಗಿಲು. ಆಗ ಆಗದ್ದು ನಾಲ್ಕು ಕಂತಿನ ಧಾರಾವಾಹಿಯಿಂದ ಆಯಿತು ಅಂದರೆ ಯಾರಿಗಾದರೂ ಆಶ್ಚರ್ಯವೇ. ಟಿವಿ ನ್ಯಾಯ ಕೊಡಿಸಿತು ಎಂದು ಎಲ್ಲರೂ ಬರೆದರು. ನನಗೆ ಆ ಮಾತು ಅರ್ಧ ನಿಜ ಅನ್ನಿಸುತ್ತದೆ. ಧಾರಾವಾಹಿ ಹೊಸ ಸಂಗತಿ ಒಂದನ್ನೂ ಬಯಲು ಮಾಡಲಿಲ್ಲ. ಎಲ್ಲವೂ ಮೊದಲೇ ಬಯಲಾಗಿತ್ತು, ಕೋರ್ಟಿನ ತೀರ್ಪಿನಲ್ಲೇ ದಾಖಲಾಗಿತ್ತು. ಹಾಗಿದ್ದರೆ ಅದು ಮಾಡಿದ್ದೇನು? ಮತ್ತೆ, ಅದು ತೋರಿಸದೆ ಬಿಟ್ಟವರ ಗತಿ ಏನಾಯಿತು? ಈ ಎರಡು ಪ್ರಶ್ನೆಗಳನ್ನು ಜೊತೆಗಿಟ್ಟೇ ನೋಡಬೇಕು.

ಹಗರಣ ಏನು?

ಬ್ರಿಟನ್ನಿನ ಹಳ್ಳಿ, ಪೇಟೆಗಳಲ್ಲಿ ಬಹುಪಾಲು ಪೋಸ್ಟ್ ಆಫೀಸುಗಳನ್ನು ನಡೆಸುವವರು ಸರ್ಕಾರಿ ನೌಕರರಲ್ಲ. ಅವರು ಸಬ್ ಪೋಸ್ಟ್‌ಮಾಸ್ಟರ್‌ಗಳು. ತಮ್ಮದೇ ಅಂಗಡಿ ಇಟ್ಟುಕೊಂಡು, ಅದರ ಒಂದು ಮೂಲೆಯಲ್ಲಿ ಕೌಂಟರ್ ಹಾಕಿಕೊಂಡು, ಪಿಂಚಣಿ ಕೊಡುವುದು, ಸ್ಟಾಂಪ್ ಮಾರುವುದು, ಬಿಲ್ ಕಟ್ಟಿಸಿಕೊಳ್ಳುವುದು ಮಾಡುತ್ತಾರೆ. ಕೂಡಿಟ್ಟ ದುಡ್ಡು ಹಾಕಿ, ಸಾಲ ಮಾಡಿ ಈ ವ್ಯವಹಾರ ಕೊಂಡುಕೊಂಡವರೇ ಜಾಸ್ತಿ.

1999ರಿಂದ ಈ ಎಲ್ಲ ಕೌಂಟರ್‌ಗಳಿಗೂ ಹೊರೈಜನ್ ಎಂಬ ಕಂಪ್ಯೂಟರ್ ವ್ಯವಸ್ಥೆ ಬಂತು. ಮಾಡಿದ್ದು ಐಸಿಎಲ್, ಅಂದರೆ ಜಪಾನಿನ ಫುಜಿತ್ಸು ಕೈಯಲ್ಲಿದ್ದ ಬ್ರಿಟಿಷ್ ಕಂಪನಿ. ಬಂದ ಸ್ವಲ್ಪ ದಿನಕ್ಕೇ ಲೆಕ್ಕ ತಾಳೆಯಾಗದೆ ಹೋಗಲು ಶುರುವಾಯಿತು. ಗಲ್ಲಾದಲ್ಲಿ ಇರುವ ದುಡ್ಡಿಗಿಂತ ಪರದೆ ಜಾಸ್ತಿ ತೋರಿಸುತ್ತಿತ್ತು. ಕೆಲವರಿಗೆ ಕೆಲವು ನೂರು ಪೌಂಡ್ ವ್ಯತ್ಯಾಸ, ಕೆಲವರಿಗೆ ಹತ್ತಾರು ಸಾವಿರ.

ದೋಷಗಳು ಎಷ್ಟು ಸಣ್ಣದಾಗಿ ಕಾಣುತ್ತಿದ್ದವು ಎನ್ನುವುದಕ್ಕೆ ಒಂದನ್ನು ಹೇಳುತ್ತೇನೆ. ಸ್ಕಾಟ್ಲೆಂಡಿನ ಡಾಲ್ಮೆಲಿಂಗ್ಟನ್ ಎಂಬ ಊರಿನ ಹೆಸರಿನಿಂದಲೇ ಕರೆಯುವ ದೋಷ ಅದು. 2015ರಲ್ಲಿ ಅಲ್ಲಿ 8,000 ಪೌಂಡ್ ನಗದನ್ನು ಒಂದು ಶಾಖೆಯಿಂದ ಇನ್ನೊಂದಕ್ಕೆ ಕಳಿಸಿದ್ದನ್ನು ಕಂಪ್ಯೂಟರ್‌ಗೆ ಹಾಕಬೇಕಿತ್ತು. ಎಂಟರ್ ಒತ್ತಿದರೆ ಪರದೆ ಕದಲಲಿಲ್ಲ. ಯಾರಾದರೂ ಏನು ಮಾಡುತ್ತಾರೆ? ಇನ್ನೊಮ್ಮೆ ಒತ್ತುತ್ತಾರೆ. ಒತ್ತಿದಾಗೆಲ್ಲ ಹಿಂದುಗಡೆ ಇನ್ನೊಂದು 8,000 ದಾಖಲಾಗುತ್ತಿತ್ತು, ಪರದೆ ಮಾತ್ರ ಏನೂ ಹೇಳುತ್ತಿರಲಿಲ್ಲ. ಕೊನೆಗೆ ಲೆಕ್ಕದಲ್ಲಿ 32,000 ಪೌಂಡ್ ಬಂದಿದೆ ಎಂದಿತ್ತು. ಇದ್ದದ್ದು 8,000. ಉಳಿದ 24,000 ಎಲ್ಲಿ ಎಂದರೆ ಕೌಂಟರಿನಲ್ಲಿ ಕೂತವರು ಏನು ಉತ್ತರ ಕೊಡಬೇಕು?

ಇಲ್ಲಿಂದಾಚೆಗೆ ನಡೆದದ್ದು ಕಂಪ್ಯೂಟರ್ ದೋಷಕ್ಕಿಂತ ದೊಡ್ಡ ಅನ್ಯಾಯ. ಒಪ್ಪಂದದಲ್ಲಿ ಒಂದು ಷರತ್ತಿತ್ತು. ಸಬ್ ಪೋಸ್ಟ್‌ಮಾಸ್ಟರ್ ಅವರ ಅಜಾಗರೂಕತೆ ಅಥವಾ ತಪ್ಪಿನಿಂದ ಆದ ನಷ್ಟವನ್ನು ಅವರೇ ತುಂಬಬೇಕು. ಪೋಸ್ಟ್ ಆಫೀಸ್ ಅದನ್ನು ‘ಯಾವ ನಷ್ಟವಾದರೂ ನೀವೇ ತುಂಬಬೇಕು’ ಎಂಬಂತೆ ನಡೆಸಿತು. ಲೆಕ್ಕ ಸರಿಯಿದೆ ಎಂದು ಘೋಷಿಸದೆ ಮಾರನೇ ದಿನ ಕೌಂಟರ್ ತೆಗೆಯುವ ಹಾಗಿರಲಿಲ್ಲ. ಹಾಗಾಗಿ ಜನರ ಮುಂದೆ ಎರಡೇ ದಾರಿ. ಕೈಯಿಂದ ದುಡ್ಡು ಹಾಕಬೇಕು. ಇಲ್ಲವಾದರೆ ಇಲ್ಲದ ದುಡ್ಡನ್ನು ಇದೆ ಎಂದು ತೋರಿಸಿ ಸಹಿ ಮಾಡಬೇಕು. ಎರಡನೆಯದನ್ನು ಮಾಡಿದ ಕ್ಷಣ ಅದು ಸುಳ್ಳು ಲೆಕ್ಕ ಬರೆದ ಅಪರಾಧ.

ಆಮೇಲೆ ಆಡಿಟ್ ಮಾಡುವವರು ಪೋಸ್ಟ್ ಆಫೀಸಿನವರೇ. ತನಿಖೆ ಮಾಡುವವರೂ ಅವರೇ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಖಾಸಗಿಯಾಗಿ ಕ್ರಿಮಿನಲ್ ಕೇಸ್ ಹಾಕಲು ಅವಕಾಶ ಇರುವುದರಿಂದ ಕೋರ್ಟಿಗೆ ಎಳೆಯುವವರೂ ಅವರೇ. ದುಡ್ಡು ಹೋಯಿತು ಎಂದು ದೂರು ಕೊಡುವ ಸಂಸ್ಥೆಯೇ ಪೊಲೀಸೂ ಆಗಿ, ಪ್ರಾಸಿಕ್ಯೂಟರೂ ಆಗಿ ನಿಂತಿತು. 1999ರಿಂದ 2015ರ ನಡುವೆ 900ಕ್ಕೂ ಹೆಚ್ಚು ಜನರಿಗೆ ಅಪರಾಧಿ ಪಟ್ಟ ಬಂತು. ಅದರಲ್ಲಿ 700ರಷ್ಟು ಕೇಸುಗಳನ್ನು ಹಾಕಿದ್ದು ಪೋಸ್ಟ್ ಆಫೀಸೇ. ಕೇಸಿಗೆ ಹೋಗದೆ ಮನೆ ಅಡವಿಟ್ಟು, ಸಂಬಂಧಿಕರ ಹತ್ತಿರ ಸಾಲ ತಂದು ದುಡ್ಡು ತುಂಬಿದವರು ಇನ್ನೂ ಸಾವಿರಾರು ಮಂದಿ.

ಇದನ್ನು ರಾಜಕೀಯ ಹಗರಣ ಅನ್ನಬೇಕಾ ಎಂದು ಕೆಲವರು ಕೇಳುತ್ತಾರೆ. ಖಂಡಿತ ಅನ್ನಬೇಕು. ಪೋಸ್ಟ್ ಆಫೀಸಿನ ಏಕೈಕ ಮಾಲೀಕ ಸರ್ಕಾರ. ಹೊರೈಜನ್ ಬೇಕೋ ಬೇಡವೋ ಎಂಬ ತೀರ್ಮಾನ 1999ರಲ್ಲಿ ಟೋನಿ ಬ್ಲೇರ್ ಸರ್ಕಾರದ ಮೇಜಿನ ಮೇಲಿತ್ತು. ಪಿಂಚಣಿ, ಭತ್ಯೆಗೆ ಕಾರ್ಡ್ ಕೊಡುವ ಭಾಗವನ್ನು ಕೈಬಿಟ್ಟು, ಉಳಿದದ್ದನ್ನು ಮುಂದುವರಿಸಿದ್ದು ಸರ್ಕಾರವೇ. ಆಮೇಲೆ ಬಂದ ಅಂಚೆ ಮಂತ್ರಿಗಳ ಟೇಬಲ್ಲಿಗೂ ದೂರುಗಳು ಹೋದವು.

ಗೊತ್ತಿದ್ದೂ ಯಾಕೆ ಏನೂ ಆಗಲಿಲ್ಲ?

ಈ ಪ್ರಶ್ನೆಯೇ ನನ್ನನ್ನು ಜಾಸ್ತಿ ಕಾಡುವುದು. ಒಮ್ಮೆ ಸಾಲಾಗಿ ನೋಡಿ.

2009ರ ಮೇ ತಿಂಗಳಲ್ಲಿ ‘ಕಂಪ್ಯೂಟರ್ ವೀಕ್ಲಿ’ ಪತ್ರಿಕೆ ಏಳು ಮಂದಿ ಸಬ್ ಪೋಸ್ಟ್‌ಮಾಸ್ಟರ್‌ಗಳ ಕಥೆ ಬರೆಯಿತು. ಅದೇ ವರ್ಷ ನವೆಂಬರಿನಲ್ಲಿ ಫೆನಿ ಕಾಂಪ್ಟನ್ ಎಂಬ ಹಳ್ಳಿಯ ಸಭಾಭವನದಲ್ಲಿ ಸಂತ್ರಸ್ತರು ಮೊದಲ ಸಲ ಒಟ್ಟಿಗೆ ಸೇರಿದರು. ಕರೆದವರು ಅಲನ್ ಬೇಟ್ಸ್. ವೇಲ್ಸ್‌ನ ಲ್ಯಾಂಡಡ್ನೋ ಊರಿನ ಬಳಿ ಪೋಸ್ಟ್ ಆಫೀಸ್ ನಡೆಸುತ್ತಿದ್ದವರು. ತಾಳೆಯಾಗದ ಲೆಕ್ಕವನ್ನು ಒಪ್ಪಿಕೊಳ್ಳದೇ ಇದ್ದದ್ದಕ್ಕೆ 2003ರಲ್ಲಿ ಅವರ ಒಪ್ಪಂದವನ್ನೇ ಮುಗಿಸಿದ್ದರು. 2010ರಲ್ಲಿ ಬೇಟ್ಸ್ ಅಂಚೆ ಮಂತ್ರಿ ಎಡ್ ಡೇವಿಗೆ ಪತ್ರ ಬರೆದು ಭೇಟಿ ಕೇಳಿದರೆ, ಭೇಟಿಯಿಂದ ಪ್ರಯೋಜನವಿಲ್ಲ ಎಂಬ ಉತ್ತರ ಬಂತು. ಅದೇ ವರ್ಷ ಕೊನೆಗೆ ಭೇಟಿಯಾದರೂ ಏನೂ ಬದಲಾಗಲಿಲ್ಲ. 2012ರಲ್ಲಿ ಸಂಸದ ಜೇಮ್ಸ್ ಆರ್ಬತ್‌ನಾಟ್ ಅವರಂಥವರ ಒತ್ತಾಯಕ್ಕೆ ಪೋಸ್ಟ್ ಆಫೀಸ್ ಸೆಕೆಂಡ್ ಸೈಟ್ ಎಂಬ ಹೊರಗಿನ ತನಿಖಾ ಸಂಸ್ಥೆಯನ್ನು ನೇಮಿಸಿತು. ಅವರು ದೋಷಗಳನ್ನು ಎತ್ತಿ ತೋರಿಸುತ್ತಾ ಹೋದರು. 2015ರಲ್ಲಿ ಅವರನ್ನೇ ಕಳಿಸಿಬಿಟ್ಟರು. ಅದೇ ವರ್ಷ ಬಿಬಿಸಿಯ ‘ಪನೋರಮಾ’ ಕಾರ್ಯಕ್ರಮವೂ ಬಂತು.

ಕೊನೆಗೆ 555 ಮಂದಿ ಸೇರಿ ಹೈಕೋರ್ಟಿಗೆ ಹೋದರು. 2019ರ ಡಿಸೆಂಬರ್ 16ರಂದು ನ್ಯಾಯಮೂರ್ತಿ ಪೀಟರ್ ಫ್ರೇಸರ್ ಕೊಟ್ಟ ತೀರ್ಪಿನಲ್ಲಿ ಎಲ್ಲವೂ ಇತ್ತು. ಹೊರೈಜನ್‌ನಲ್ಲಿ ದೋಷಗಳಿದ್ದವು, ಅದರಿಂದ ಶಾಖೆಗಳ ಲೆಕ್ಕ ಕೆಟ್ಟಿತ್ತು, ಹೊರಗಿನಿಂದ ಫುಜಿತ್ಸು ಸಿಬ್ಬಂದಿ ಶಾಖೆಗಳ ಲೆಕ್ಕಕ್ಕೆ ಕೈ ಹಾಕಲು ಸಾಧ್ಯವಿತ್ತು. ಭೂಮಿ ಚಪ್ಪಟೆಯಾಗಿದೆ ಎಂದು 21ನೇ ಶತಮಾನದಲ್ಲಿ ವಾದ ಮಾಡಿದ ಹಾಗಿದೆ ಪೋಸ್ಟ್ ಆಫೀಸಿನ ನಿಲುವು ಎಂದು ನ್ಯಾಯಮೂರ್ತಿಗಳು ಬರೆದರು. ಇದಕ್ಕಿಂತ ಸ್ಪಷ್ಟವಾಗಿ ಒಂದು ಕೋರ್ಟ್ ಹೇಳುವುದು ಹೇಗೆ?

ಆ ಗೆಲುವಿನಲ್ಲಿ ಸಿಕ್ಕಿದ್ದು 5.775 ಕೋಟಿ ಪೌಂಡ್. ಕೇಸಿಗೆ ದುಡ್ಡು ಹಾಕಿದವರಿಗೆ, ವಕೀಲರಿಗೆ ಹೋಗಿ ಉಳಿದದ್ದು ಸುಮಾರು 1.2 ಕೋಟಿ. ತಲೆಗೆ ಹಂಚಿದರೆ 20,000 ಪೌಂಡ್ ಆಸುಪಾಸು. ಮನೆ ಕಳೆದುಕೊಂಡವರಿಗೆ, ದಿವಾಳಿಯಾದವರಿಗೆ, ಜೈಲಿಗೆ ಹೋಗಿ ಬಂದವರಿಗೆ ಇಷ್ಟು. 2021ರ ಏಪ್ರಿಲಿನಲ್ಲಿ ಮೇಲ್ಮನವಿ ಕೋರ್ಟ್ 39 ಮಂದಿಯ ತೀರ್ಪು ರದ್ದು ಮಾಡಿತು. ಸರ್ ವಿನ್ ವಿಲಿಯಮ್ಸ್ ನೇತೃತ್ವದ ಸಾರ್ವಜನಿಕ ವಿಚಾರಣೆ ಆಗಲೇ ಶುರುವಾಗಿತ್ತು. ಅದರ ಕಲಾಪ ನೇರ ಪ್ರಸಾರವಾಗುತ್ತಿತ್ತು, ಯಾರು ಬೇಕಾದರೂ ನೋಡಬಹುದಿತ್ತು.

ಅಂದರೆ 2023ರ ಕೊನೆಗೆ ಗುಟ್ಟು ಅನ್ನುವುದೇನೂ ಬಹಳ ಉಳಿದಿರಲಿಲ್ಲ. ಆದರೂ ತೀರ್ಪು ರದ್ದಾದವರು ನೂರರ ಆಸುಪಾಸು ಮಾತ್ರ. ಉಳಿದವರು ಒಬ್ಬೊಬ್ಬರಾಗಿ ಕೋರ್ಟಿಗೆ ಬರಬೇಕಿತ್ತು. ಬಹಳ ಜನ ಬರಲೇ ಇಲ್ಲ. ಯಾವ ಕೋರ್ಟ್ ತಮ್ಮನ್ನು ಕಳ್ಳರು ಎಂದಿತ್ತೋ ಅದೇ ಕೋರ್ಟಿನ ಮೆಟ್ಟಿಲು ಮತ್ತೆ ಹತ್ತುವ ಧೈರ್ಯ ಎಲ್ಲಿಂದ ಬರಬೇಕು?

ಧಾರಾವಾಹಿ ಹಿಡಿದದ್ದು ಒಂಟಿತನವನ್ನು

ಈ ಹಗರಣದಲ್ಲಿ ಕಥೆ ಹೇಳುವವರಿಗೆ ದೊಡ್ಡ ಕಷ್ಟವಿದೆ. ಗುಂಡು ಹಾರಿಲ್ಲ, ಲಂಚದ ಸೂಟ್‌ಕೇಸ್ ಇಲ್ಲ, ಗುಪ್ತ ಪ್ರೇಮವಿಲ್ಲ. ಇರುವುದು ಒಂದು ಸಾಫ್ಟ್‌ವೇರ್, ಒಂದು ಒಪ್ಪಂದ ಪತ್ರ, ರಾಶಿ ರಾಶಿ ಲೆಕ್ಕದ ಕಾಗದ. ಪತ್ರಿಕೆ ಓದುವವರು ಎರಡನೇ ಪ್ಯಾರಾಕ್ಕೆ ಪುಟ ತಿರುಗಿಸುವಂಥ ವಿಷಯ.

ಬರೆದವರು ಗ್ವಿನೆತ್ ಹ್ಯೂಸ್. ಅವರು ಸಾಫ್ಟ್‌ವೇರನ್ನು ವಿವರಿಸಲು ಹೋಗಲಿಲ್ಲ. ಅದರ ಎದುರು ಕೂತವರನ್ನು ತೋರಿಸಿದರು. ಹ್ಯಾಂಪ್‌ಶೈರಿನ ಸೌತ್ ವಾರ್ನ್‌ಬರೋ ಹಳ್ಳಿಯ ಜೋ ಹ್ಯಾಮಿಲ್ಟನ್ ಅವರ ದೃಶ್ಯ ನೋಡಿ. ಮೋನಿಕಾ ಡೋಲನ್ ಆ ಪಾತ್ರ ಮಾಡಿದ್ದಾರೆ. ಲೆಕ್ಕದಲ್ಲಿ 2,000 ಪೌಂಡ್ ಕಮ್ಮಿ ಬಂದಿದೆ. ಅವರು ಹೆಲ್ಪ್‌ಲೈನ್‌ಗೆ ಫೋನ್ ಮಾಡುತ್ತಾರೆ. ಆ ಕಡೆಯಿಂದ ಹೇಳಿದ ಹಾಗೇ ಒಂದೊಂದೇ ಕೀ ಒತ್ತುತ್ತಾರೆ. ಪರದೆಯಲ್ಲಿ ಕೊರತೆ ಕಣ್ಣೆದುರೇ ದುಪ್ಪಟ್ಟಾಗುತ್ತದೆ. ಇದು ಹೆಣೆದ ಕಥೆಯಲ್ಲ, ಜೋ ಅವರಿಗೆ ನಿಜವಾಗಿ ಆದದ್ದು. ಕೊನೆಗೆ ಅವರ ಮೇಲೆ ಬಂದದ್ದು 36,000 ಪೌಂಡ್ ಕದ್ದ ಆರೋಪ. ಜೈಲು ತಪ್ಪಿಸಿಕೊಳ್ಳಲು ಸುಳ್ಳು ಲೆಕ್ಕ ಬರೆದೆ ಎಂದು ಒಪ್ಪಿಕೊಂಡರು. ದುಡ್ಡು ಕಟ್ಟಲು ಮನೆ ಅಡವಿಡಬೇಕಾಯಿತು. ಊರಿನವರು ಚಂದಾ ಎತ್ತಿ ಕೊಟ್ಟರು, ಕೋರ್ಟಿಗೂ ಜೊತೆಯಾಗಿ ಬಂದರು.

ಆ ಪರದೆಯ ದೃಶ್ಯ ಇಪ್ಪತ್ತು ಸೆಕೆಂಡೂ ಬೇಡ. ಆದರೆ ನೋಡಿದವರಿಗೆ ಇನ್ನು ಯಾವ ತಾಂತ್ರಿಕ ವರದಿಯೂ ಬೇಕಾಗುವುದಿಲ್ಲ. ಯಂತ್ರ ತಪ್ಪು ಮಾಡಿದೆ ಎಂದು ಅವರೇ ಕಣ್ಣಾರೆ ಕಂಡಿರುತ್ತಾರೆ.

ಅದಕ್ಕಿಂತ ಬಲವಾದದ್ದು ಇನ್ನೊಂದು ಮಾತು. ಹೆಲ್ಪ್‌ಲೈನ್‌ಗೆ ಫೋನ್ ಮಾಡಿದವರಿಗೆ ಸಿಗುತ್ತಿದ್ದ ಉತ್ತರ: ಬೇರೆ ಯಾರಿಗೂ ಹೀಗಾಗಿಲ್ಲ, ನಿಮಗೊಬ್ಬರಿಗೇ. ನೂರಾರು ಜನರಿಗೆ ಇದೇ ಉತ್ತರ ಸಿಕ್ಕಿತ್ತು ಎಂದು ಮುಂದೆ ಸಂತ್ರಸ್ತರೇ ಹೇಳಿದರು. ನನ್ನ ಮಟ್ಟಿಗೆ ಇಡೀ ಹಗರಣದ ಅತಿ ಕ್ರೂರ ಭಾಗ ಇದೇ. ತನ್ನ ತಪ್ಪೇ ಇರಬೇಕು ಎಂದುಕೊಂಡು ರಾತ್ರಿಯೆಲ್ಲ ರಸೀದಿ ಎಣಿಸುವ ಮನುಷ್ಯನಿಗೆ ಪಕ್ಕದ ಊರಿನಲ್ಲೂ ಒಬ್ಬರು ಹಾಗೇ ಕೂತಿದ್ದಾರೆ ಎಂದು ಗೊತ್ತಾಗದಂತೆ ಮಾಡಿದ್ದು. ಇದನ್ನು ಪತ್ರಿಕೆಯ ವರದಿ ಹೇಳಬಲ್ಲದು. ಆದರೆ ಪ್ರೇಕ್ಷಕರನ್ನು ಆ ಕತ್ತಲೆ ಕೋಣೆಯೊಳಗೆ ಕೂರಿಸಿ, ಆಮೇಲೆ ಒಬ್ಬೊಬ್ಬರೇ ಸಂತ್ರಸ್ತರು ಹಳ್ಳಿಯ ಸಭಾಭವನಕ್ಕೆ ಬರುವುದನ್ನು ತೋರಿಸುವುದು ಧಾರಾವಾಹಿಗಷ್ಟೇ ಆಗುತ್ತದೆ. ಫೆನಿ ಕಾಂಪ್ಟನ್ ಸಭೆಯ ದೃಶ್ಯ ಅಷ್ಟು ತಟ್ಟುವುದು ಅದಕ್ಕೇ.

ಮೊದಲ ಕಂತನ್ನು ಒಂದು ವಾರದೊಳಗೆ 90 ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಹೊಸ ವರ್ಷದ ರಜೆ, ಮನೆಯಲ್ಲಿ ಎಲ್ಲರೂ ಒಟ್ಟಿಗಿದ್ದ ಹೊತ್ತು. ನಾಲ್ಕೂ ಕಂತು ಬಿಡುವಿಲ್ಲದೆ ಬಂದವು. ನೋಡಿದವರಲ್ಲಿ ಇಷ್ಟು ವರ್ಷ ಬಾಯಿಬಿಡದ ಸಂತ್ರಸ್ತರೂ ಇದ್ದರು. ಪ್ರಸಾರದ ಬೆನ್ನಿಗೇ ಹತ್ತಾರು ಮಂದಿ ಹೊಸದಾಗಿ ವಕೀಲರನ್ನು ಸಂಪರ್ಕಿಸಿದರು. ಕಾನೂನು ಬದಲಾದದ್ದಕ್ಕಿಂತ ನನಗೆ ಇದು ದೊಡ್ಡದು ಅನ್ನಿಸುತ್ತದೆ. ನಿಮಗೊಬ್ಬರಿಗೇ ಎಂಬ ಸುಳ್ಳು ಅವರ ಪಾಲಿಗೆ ಅವತ್ತು ಮುರಿಯಿತು.

ನಿಜ ಎಷ್ಟು, ಹೆಣೆದದ್ದು ಎಷ್ಟು?

ಧಾರಾವಾಹಿಯಲ್ಲಿ ಹೆಣೆದದ್ದೂ ಇದೆ. ಜಸ್ ಸಿಂಗ್, ಸಮನ್ ಕೌರ್ ದಂಪತಿ ಎಂಬವರು ನಿಜವಾಗಿ ಇಲ್ಲ. ಹಲವರ ಅನುಭವ ಸೇರಿಸಿ ಮಾಡಿದ ಪಾತ್ರಗಳವು. ಸೆಕೆಂಡ್ ಸೈಟ್‌ನ ತನಿಖೆಗಾರ ಬಾಬ್ ರುದರ್‌ಫರ್ಡ್ ಕೂಡ ಹಾಗೇ. ನಿಜ ಜೀವನದ ಇಬ್ಬರನ್ನು ಒಬ್ಬರನ್ನಾಗಿ ಮಾಡಿದ್ದಾರೆ. ಮಾತುಕತೆಗಳು ಬಹುಪಾಲು ಬರೆದವರ ಊಹೆ. ಆದರೆ ಅಲನ್ ಬೇಟ್ಸ್, ಜೋ ಹ್ಯಾಮಿಲ್ಟನ್, ಲೀ ಕ್ಯಾಸಲ್ಟನ್ ತಮ್ಮದೇ ಹೆಸರಿನಲ್ಲಿ ಬರುತ್ತಾರೆ. ಆಗ ಪೋಸ್ಟ್ ಆಫೀಸಿನ ಮುಖ್ಯಸ್ಥೆಯಾಗಿದ್ದ ಪೌಲಾ ವೆನೆಲ್ಸ್ ಕೂಡ.

ಬದುಕಿರುವ, ಅಧಿಕಾರದಲ್ಲಿದ್ದ ವ್ಯಕ್ತಿಯನ್ನು ಹೆಸರು ಹೇಳಿ ತೋರಿಸುವುದು ಯಾವ ದೇಶದಲ್ಲೂ ಸುಲಭವಿಲ್ಲ. ಬ್ರಿಟನ್ನಿನ ಮಾನನಷ್ಟ ಕಾನೂನು ಗಟ್ಟಿಯಾದದ್ದು. ಇಲ್ಲಿ ಅದು ಸಾಧ್ಯವಾಗಿದ್ದರಲ್ಲಿ 2019ರ ಹೈಕೋರ್ಟ್ ತೀರ್ಪು ಮತ್ತು 2021ರ ಮೇಲ್ಮನವಿ ಕೋರ್ಟಿನ ತೀರ್ಪಿನ ಪಾಲು ದೊಡ್ಡದು. ಕಥೆಯ ಬೆನ್ನೆಲುಬು ಕೋರ್ಟಿನ ದಾಖಲೆಯಲ್ಲೇ ಇತ್ತು. ಅದಕ್ಕೆ ಮಾಂಸ ತುಂಬಿದ್ದು ಬರಹಗಾರ್ತಿ.

ಅದಕ್ಕೇ ನಾನು ಹಿಲ್ಸ್‌ಬರೋ ನೆನಪು ಮಾಡಿಕೊಳ್ಳುವುದು. 1989ರ ಏಪ್ರಿಲ್ 15ರಂದು ಶೆಫೀಲ್ಡಿನ ಆ ಫುಟ್‌ಬಾಲ್ ಕ್ರೀಡಾಂಗಣದ ನೂಕುನುಗ್ಗಲಿನಲ್ಲಿ ಆದ ಸಾವುಗಳು ಕೊನೆಗೆ 97. ಪೊಲೀಸರು ತಪ್ಪನ್ನು ಅಭಿಮಾನಿಗಳ ತಲೆಗೆ ಕಟ್ಟಿದರು. 1991ರಲ್ಲಿ ಇವು ಆಕಸ್ಮಿಕ ಸಾವುಗಳು ಎಂದು ತೀರ್ಮಾನವಾಯಿತು. 1996ರಲ್ಲಿ ಇದೇ ಐಟಿವಿಯಲ್ಲಿ ಆ ದುರಂತದ ಮೇಲೆ ಚಿತ್ರ ಬಂತು. ಅದೂ ದೇಶವನ್ನು ಅಲ್ಲಾಡಿಸಿತು, ಅದೂ ಸತ್ಯವನ್ನೇ ಹೇಳಿತ್ತು. ಮರುವರ್ಷ ಹೊಸ ಸರ್ಕಾರ ಒಬ್ಬ ನ್ಯಾಯಮೂರ್ತಿಗೆ ಪರಿಶೀಲನೆ ವಹಿಸಿತು. ಹೊಸ ವಿಚಾರಣೆ ಬೇಕಿಲ್ಲ ಎಂದು 1998ರಲ್ಲಿ ಉತ್ತರ ಬಂತು. ಸ್ವತಂತ್ರ ಸಮಿತಿ ಕಡತಗಳನ್ನೆಲ್ಲ ತೆರೆದದ್ದು 2012ರಲ್ಲಿ. ಕಾನೂನುಬಾಹಿರ ಹತ್ಯೆ ಎಂಬ ತೀರ್ಮಾನ ಬಂದದ್ದು 2016ರಲ್ಲಿ. ಚಿತ್ರ ಬಂದು ಇಪ್ಪತ್ತು ವರ್ಷ ಆಗಿತ್ತು.

ಒಂದೇ ಚಾನೆಲ್, ಒಂದೇ ಥರದ ನೋವು, ಒಂದೇ ಥರದ ಕೋಪ. ಒಂದಕ್ಕೆ ಆರು ದಿನ, ಇನ್ನೊಂದಕ್ಕೆ ಇಪ್ಪತ್ತು ವರ್ಷ. ವ್ಯತ್ಯಾಸ ಇರುವುದು ಕಲೆಯಲ್ಲಿ ಅಲ್ಲ ಎಂದು ನನ್ನ ಅಭಿಪ್ರಾಯ. 1996ರಲ್ಲಿ ಕೋರ್ಟ್ ಇನ್ನೂ ಪೊಲೀಸರ ಕಡೆಗಿತ್ತು. 2024ರಲ್ಲಿ ಕೋರ್ಟ್ ಆಗಲೇ ಸಬ್ ಪೋಸ್ಟ್‌ಮಾಸ್ಟರ್‌ಗಳ ಕಡೆಗೆ ಬಂದಾಗಿತ್ತು. ಧಾರಾವಾಹಿ ಕೊನೆಯ ನೂಕು ಕೊಟ್ಟಿತು. ಬಾಗಿಲನ್ನು ಸಡಿಲ ಮಾಡಿದ್ದು ಹದಿನೈದು ವರ್ಷ ಕಡತ ಹಿಡಿದು ಓಡಾಡಿದವರು.

ರಾಜಕೀಯದ ಲೆಕ್ಕವೂ ಇತ್ತು. 2024 ಚುನಾವಣೆಯ ವರ್ಷ. ಹೊಸ ವರ್ಷದ ರಜೆ ಮುಗಿಸಿ ಸಂಸದರು ವಾಪಸ್ ಬರುವ ಹೊತ್ತಿಗೆ ಕ್ಷೇತ್ರದ ಜನರೆಲ್ಲ ಇದನ್ನೇ ಕೇಳುತ್ತಿದ್ದರು. ಪ್ರತಿ ಕ್ಷೇತ್ರದಲ್ಲೂ ಪೋಸ್ಟ್ ಆಫೀಸ್ ಇದೆ, ಅಲ್ವಾ? ಮೊದಲು ಲೇಬರ್ ಸರ್ಕಾರ, ಆಮೇಲೆ ಕನ್ಸರ್ವೇಟಿವ್ ಮತ್ತು ಲಿಬರಲ್ ಡೆಮಾಕ್ರಟ್ ಮೈತ್ರಿ, ಆಮೇಲೆ ಕನ್ಸರ್ವೇಟಿವ್. ಎಲ್ಲರ ಕಾಲದಲ್ಲೂ ಅನ್ಯಾಯ ನಡೆದಿತ್ತು. ಇಷ್ಟು ವರ್ಷ ಯಾವ ಪಕ್ಷವೂ ಗಟ್ಟಿಯಾಗಿ ಕೂಗದಿರಲು ಇದೂ ಒಂದು ಕಾರಣ. ಜನ ಎದ್ದಾಗ ಯಾವ ಪಕ್ಷವೂ ಅಡ್ಡ ನಿಲ್ಲಲು ಆಗಲಿಲ್ಲ, ಅದಕ್ಕೂ ಇದೇ ಕಾರಣ.

ಕ್ಯಾಮೆರಾ ತಿರುಗದ ಕಡೆ

ಜನರ ಕೋಪಕ್ಕೆ ಒಂದು ಮುಖ ಬೇಕಿತ್ತು. ಅದು ಪೌಲಾ ವೆನೆಲ್ಸ್ ಅವರದ್ದಾಯಿತು. 2012ರಿಂದ 2019ರವರೆಗೆ ಮುಖ್ಯಸ್ಥೆಯಾಗಿದ್ದ ಅವರಿಗೆ 2019ರಲ್ಲಿ ಸಿಬಿಇ ಎಂಬ ರಾಜಮನೆತನದ ಗೌರವ ಸಿಕ್ಕಿತ್ತು. ಅದನ್ನು ಕಿತ್ತುಕೊಳ್ಳಿ ಎಂಬ ಮನವಿಗೆ 12 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಜನವರಿ 9ರಂದು ವಾಪಸ್ ಕೊಡುತ್ತೇನೆ ಎಂದು ಅವರೇ ಹೇಳಿದರು. ಮುಂದಿನ ತಿಂಗಳು ರಾಜ ಅದನ್ನು ಅಧಿಕೃತವಾಗಿ ಹಿಂಪಡೆದರು.

ಅವರ ಹೊಣೆ ಕಮ್ಮಿಯದಲ್ಲ. ಆದರೆ ಜೋ ಹ್ಯಾಮಿಲ್ಟನ್ ತಪ್ಪಿತಸ್ಥೆ ಎಂದಾದದ್ದು 2008ರಲ್ಲಿ, ವೆನೆಲ್ಸ್ ಆ ಕುರ್ಚಿಗೆ ಬರುವ ಎಷ್ಟೋ ಮುಂಚೆ. ಬ್ರಿಡ್ಲಿಂಗ್ಟನ್‌ನ ಲೀ ಕ್ಯಾಸಲ್ಟನ್ ವಕೀಲರಿಲ್ಲದೆ ತಾವೇ ವಾದಿಸಿ ಸೋತದ್ದು 2007ರಲ್ಲಿ. ಸುಮಾರು 25,000 ಪೌಂಡ್ ವಸೂಲಿಗೆ ಹೂಡಿದ ಆ ದಾವೆಯಲ್ಲಿ ಪೋಸ್ಟ್ ಆಫೀಸಿನ ವಕೀಲರ ಖರ್ಚು ಎಂದು ಅವರ ಮೇಲೆ ಬಿದ್ದದ್ದು 3,21,000 ಪೌಂಡ್. ಅವರು ದಿವಾಳಿಯಾದರು. ಆ ಕಾಲದ ಅಧಿಕಾರಿಗಳು, ಕೇಸು ನಡೆಸಿದ ವಕೀಲರು, ಕಡತಕ್ಕೆ ಸಹಿ ಹಾಕಿ ಕಳಿಸಿದ ಮಂತ್ರಿಗಳು ಧಾರಾವಾಹಿಯಲ್ಲಿ ನೆರಳಿನ ಹಾಗೆ ಬಂದು ಹೋಗುತ್ತಾರೆ, ಇಲ್ಲವೇ ಬರುವುದೇ ಇಲ್ಲ. ನಾಲ್ಕು ಗಂಟೆಯ ಕಥೆಗೆ ಹತ್ತು ಖಳರು ಹಿಡಿಸುವುದಿಲ್ಲ, ಒಪ್ಪುತ್ತೇನೆ. ಆದರೆ ಒಂದು ಮುಖದ ಮೇಲೆ ಕೋಪ ತೀರಿಸಿಕೊಂಡ ಜನ ಉಳಿದವರ ಹೆಸರು ಕೇಳುವುದನ್ನು ಬಿಟ್ಟುಬಿಡುವ ಅಪಾಯ ಇದೆ.

ಸಂತ್ರಸ್ತರಲ್ಲೂ ಹೀಗೇ. ದಕ್ಷಿಣ ಏಷ್ಯಾ ಮೂಲದ ಸಬ್ ಪೋಸ್ಟ್‌ಮಾಸ್ಟರ್‌ಗಳು ಬಹಳ ಮಂದಿ ಈ ಬಲೆಯಲ್ಲಿ ಸಿಕ್ಕಿದ್ದರು. ವೆಸ್ಟ್ ಬೈಫ್ಲೀಟ್‌ನ ಸೀಮಾ ಮಿಶ್ರಾ 2010ರ ನವೆಂಬರಿನಲ್ಲಿ ಜೈಲಿಗೆ ಹೋದಾಗ ಗರ್ಭಿಣಿ. ಅವತ್ತು ಅವರ ಮಗನ ಹತ್ತನೇ ಹುಟ್ಟುಹಬ್ಬ. ಪೋಸ್ಟ್ ಆಫೀಸಿನ ತನಿಖೆಗಾರರ ಕೈಪಿಡಿಯೊಂದರಲ್ಲಿ ಆರೋಪಿಗಳನ್ನು ಜನಾಂಗೀಯ ಹೀನಾಯದ ಹಳೇ ಪದಗಳಿಂದ ವಿಂಗಡಿಸಿದ್ದು 2023ರಲ್ಲಿ ಹೊರಗೆ ಬಂತು. ಈ ಎಳೆಗೆ ಧಾರಾವಾಹಿಯಲ್ಲಿ ಸಿಕ್ಕ ಜಾಗ ಸಣ್ಣದು. ಮುಖ್ಯ ಪಾತ್ರಗಳು ಬಿಳಿಯರ ಹಳ್ಳಿಗಳವರು. ನನಗೆ ಇದು ಕೊರತೆಯಾಗಿಯೇ ಕಾಣುತ್ತದೆ.

ಇನ್ನು ಕಾನೂನಿನ ಕಥೆ. 2024ರ ಕಾಯ್ದೆ ಹೊರೈಜನ್ ಕೇಸುಗಳಿಗೆ ಮಾತ್ರ. ಅದಕ್ಕಿಂತ ಮುಂಚೆ, 1990ರ ದಶಕದಲ್ಲಿ, ಕೆಲವು ಶಾಖೆಗಳಲ್ಲಿ ಕ್ಯಾಪ್ಚರ್ ಎಂಬ ಬೇರೆ ಸಾಫ್ಟ್‌ವೇರ್ ಇತ್ತು. ಅದರಿಂದಲೂ ಲೆಕ್ಕ ಕೆಟ್ಟಿರುವ ಸಾಧ್ಯತೆ ಇದೆ ಎಂದು 2024ರಲ್ಲಿ ಸರ್ಕಾರವೇ ನೇಮಿಸಿದ ಸಂಸ್ಥೆಯ ವರದಿ ಹೇಳಿತು. ಆದರೆ ಕ್ಯಾಪ್ಚರ್ ಕಾಲದಲ್ಲಿ ತಪ್ಪಿತಸ್ಥರಾದವರನ್ನು ಕಾಯ್ದೆ ಮುಟ್ಟುವುದಿಲ್ಲ. ಮೇಲ್ಮನವಿ ಕೋರ್ಟಿಗೆ ಹೋಗಿ ಅಲ್ಲಿ ಸೋತಿದ್ದವರನ್ನೂ ಅದು ಹೊರಗಿಟ್ಟಿತು. ಧೈರ್ಯ ಮಾಡಿ ಕೋರ್ಟಿಗೆ ಹೋದವರು ಹೊರಗೆ, ಹೋಗದೆ ಉಳಿದವರು ಒಳಗೆ. ಕೋರ್ಟಿನ ತೀರ್ಪನ್ನು ಸಂಸತ್ತು ಹೀಗೆ ಸಾರಾಸಗಟಾಗಿ ಅಳಿಸುವುದು ಸರಿಯೇ ಎಂಬ ಆತಂಕ ಕಾನೂನು ಬಲ್ಲವರಲ್ಲಿ ಇತ್ತು. ಆತುರದಲ್ಲಿ ಮಾಡಿದ ಕಾನೂನಿನ ಅಂಚಿನಲ್ಲಿ ಹೀಗೆ ಕೆಲವರು ಜಾರಿಬೀಳುತ್ತಾರೆ. ಅವರ ಮೇಲೆ ಯಾರೂ ಧಾರಾವಾಹಿ ಮಾಡಿಲ್ಲ.

ಪರಿಹಾರವೂ ತೆವಳುತ್ತಾ ಬಂತು. ಒಟ್ಟು ಕೊಟ್ಟ ಮೊತ್ತ 2025ರ ನಡುವಿಗೆ 100 ಕೋಟಿ ಪೌಂಡ್ ದಾಟಿತು ನಿಜ. ಆದರೆ 2024ರಲ್ಲಿ ಸರ್ ಪದವಿ ಪಡೆದ ಅಲನ್ ಬೇಟ್ಸ್ ಅವರಿಗೇ 2025ರ ಮೇ ತಿಂಗಳಲ್ಲಿ ಬಂದ ಪ್ರಸ್ತಾವ ಅವರು ಕೇಳಿದ್ದರ ಅರ್ಧವೂ ಇರಲಿಲ್ಲ. ಹೋರಾಟಕ್ಕೆ ಹೆಸರು ಕೊಟ್ಟ ಮನುಷ್ಯನ ಪಾಡೇ ಇದಾದರೆ ಹೆಸರಿಲ್ಲದವರ ಪಾಡೇನು? ಫುಜಿತ್ಸುವಿನ ಯುರೋಪ್ ಮುಖ್ಯಸ್ಥರು 2024ರ ಜನವರಿ 16ರಂದು ಸಂಸದೀಯ ಸಮಿತಿಯ ಮುಂದೆ, ಪರಿಹಾರದಲ್ಲಿ ಪಾಲು ಕೊಡುವ ನೈತಿಕ ಹೊಣೆ ಕಂಪನಿಗಿದೆ ಎಂದರು. 2025ರ ಜುಲೈ ಹೊತ್ತಿಗೂ ಮೊತ್ತ ಎಷ್ಟು ಎಂಬುದು ತೀರ್ಮಾನವಾಗಿರಲಿಲ್ಲ. ಪೊಲೀಸ್ ತನಿಖೆ ನಡೆಯುತ್ತಿದೆ. 2027ಕ್ಕೆ ಮುಂಚೆ ಯಾರ ಮೇಲೂ ವಿಚಾರಣೆ ಶುರುವಾಗುವುದಿಲ್ಲ ಎಂದು ಪೊಲೀಸರೇ ಹೇಳಿದ್ದಾರೆ. ಸರ್ ವಿನ್ ವಿಲಿಯಮ್ಸ್ ಅವರ ವರದಿಯ ಮೊದಲ ಸಂಪುಟ 2025ರ ಜುಲೈ 8ರಂದು ಬಂತು. ಈ ಹಗರಣದಿಂದಾಗಿ ಕನಿಷ್ಠ 13 ಮಂದಿ ಜೀವ ಕಳೆದುಕೊಂಡಿರಬಹುದು ಎಂದು ಅದು ಹೇಳುತ್ತದೆ.

ಇನ್ನೊಂದು ಸಂಗತಿ ಹೇಳಲೇಬೇಕು. ಇಷ್ಟು ದೊಡ್ಡ ಗೆಲುವು ಕಂಡ ಧಾರಾವಾಹಿಯಿಂದ ಐಟಿವಿಗೆ ಸುಮಾರು 10 ಲಕ್ಷ ಪೌಂಡ್ ನಷ್ಟವಾಯಿತು ಎಂದು ಚಾನೆಲ್‌ನವರೇ ಹೇಳಿಕೊಂಡರು. ಬ್ರಿಟನ್ನಿನ ಪೋಸ್ಟ್ ಆಫೀಸಿನ ಕಥೆಯನ್ನು ಹೊರದೇಶಗಳಿಗೆ ಮಾರುವುದು ಕಷ್ಟ. ಈಗಿನ ದೊಡ್ಡ ಧಾರಾವಾಹಿಗಳು ನಡೆಯುವುದೇ ಹೊರದೇಶದ ದುಡ್ಡಿನ ಮೇಲೆ. ಇಂಥ ಕಥೆಗೆ ದುಡ್ಡು ಹಾಕುವ ಚಾನೆಲ್ ಮುಂದಿನ ಸಲ ಸಿಗುತ್ತದೆ ಎನ್ನುವ ಭರವಸೆ ಇಲ್ಲ.

ಇಷ್ಟೆಲ್ಲ ಆದ ಮೇಲೂ ಹಗರಣದ ಬುಡದಲ್ಲಿದ್ದ ಒಂದು ನಿಯಮ ಹಾಗೇ ಉಳಿದಿದೆ. 1984ರ ಕಾನೂನಿನ ಪ್ರಕಾರ ಕಂಪ್ಯೂಟರಿನ ದಾಖಲೆಯನ್ನು ಕೋರ್ಟಿನಲ್ಲಿ ಸಾಕ್ಷಿಯಾಗಿ ಕೊಡಬೇಕಾದರೆ, ಆ ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡುತ್ತಿತ್ತು ಎಂದು ಕೊಡುವವರೇ ತೋರಿಸಬೇಕಿತ್ತು. ಅದು ಸುಮ್ನೆ ತೊಡಕು ಎಂದು 1999ರ ಕಾನೂನಿನಲ್ಲಿ ತೆಗೆದುಹಾಕಿದರು. ಹೊರೈಜನ್ ಕೌಂಟರ್‌ಗಳಿಗೆ ಬಂದ ವರ್ಷವೇ. ಆಮೇಲಿಂದ ಕೋರ್ಟ್ ಕಂಪ್ಯೂಟರ್ ಸರಿಯಾಗಿದೆ ಎಂದೇ ಭಾವಿಸಿ ಹೊರಡುತ್ತದೆ. ತಪ್ಪಿದೆ ಎನ್ನುವವರೇ ಅದಕ್ಕೆ ಆಧಾರ ತರಬೇಕು. ಹಳ್ಳಿಯ ಅಂಗಡಿಯಲ್ಲಿ ಕೂತವರು ಫುಜಿತ್ಸುವಿನ ಸರ್ವರ್ ಒಳಗೆ ಹೋಗಿ ಆಧಾರ ತರುವುದು ಹೇಗೆ? ಜೋ ಹ್ಯಾಮಿಲ್ಟನ್ ಅವರ ಹತ್ತಿರ ಇದ್ದದ್ದು ತಮ್ಮ ಕಣ್ಣು ಮಾತ್ರ. ಈ ನಿಯಮವನ್ನು ಬದಲಿಸಬೇಕೇ ಎಂದು ಬ್ರಿಟನ್ನಿನ ನ್ಯಾಯ ಇಲಾಖೆ ಅಭಿಪ್ರಾಯ ಕೇಳಲು ಶುರು ಮಾಡಿದ್ದು 2025ರ ಜನವರಿಯಲ್ಲಿ. ಧಾರಾವಾಹಿ ಬಂದು ಒಂದು ವರ್ಷದ ಮೇಲೆ, ಹೈಕೋರ್ಟ್ ತೀರ್ಪು ಬಂದು ಐದು ವರ್ಷದ ಮೇಲೆ.